ಇನ್ನೊಮ್ಮೆ ಕೇಳಿದರೆ ಅದೇ ಉತ್ತರ ಬಂದೀತೇ?

ಪ್ರಶ್ನಾವಳಿ ಹಿಡಿದು ಹೊರಟ ಸಂಶೋಧನಾ ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ

ಪ್ರಿಯ ಸಂಶೋಧನಾ ವಿದ್ಯಾರ್ಥಿಗಳೇ,

ಥೀಸಿಸ್ ಒಪ್ಪಿಸಲು ತಿಂಗಳೊಪ್ಪತ್ತು ಉಳಿದಿರುವಾಗ ನೀವು ನನ್ನ ಮನೆಗೆ ಬರುತ್ತೀರಿ. ಕೈಯಲ್ಲಿ ಪೆನ್‌ಡ್ರೈವ್, ಕಣ್ಣಲ್ಲಿ ನಿದ್ದೆಗೆಟ್ಟ ಕೆಂಪು. ಮೂವತ್ತೆರಡು ವರ್ಷ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತಳಾದ ನನಗೆ ನೀವು ಬರುವುದು ಇಷ್ಟ. ನಿಮ್ಮಲ್ಲಿ ಮನಶ್ಶಾಸ್ತ್ರದವರಿದ್ದೀರಿ, ಶಿಕ್ಷಣದವರಿದ್ದೀರಿ, ಸಮಾಜಕಾರ್ಯ, ವಾಣಿಜ್ಯ, ನರ್ಸಿಂಗ್ ಓದುವವರಿದ್ದೀರಿ. ವಿಷಯ ಬೇರೆಬೇರೆಯಾದರೂ ಬಾಗಿಲಲ್ಲಿ ನಿಂತು ಕೇಳುವ ಮಾತು ಹೆಚ್ಚುಕಡಿಮೆ ಒಂದೇ: "ಮೇಡಂ, ಆಲ್ಫಾ 0.64 ಬಂದಿದೆ. ಎರಡು ಪ್ರಶ್ನೆ ತೆಗೆದರೆ 0.71 ಆಗುತ್ತೆ. ತೆಗೆದುಬಿಡಲಾ?"

ತೆಗೆಯಬೇಡಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾದರೂ ಓದಿ.

ಹೀಗೆ ಬಂದವರಲ್ಲಿ ಒಬ್ಬಳು ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳ ಮಾನಸಿಕ ಒತ್ತಡದ ಮೇಲೆ ಕೆಲಸ ಮಾಡಿದ್ದಳು. ಪಾಳಿ ಮುಗಿಸಿ ಬಸ್ಸಿಗೆ ಕಾಯುವ ಹೊತ್ತಿನಲ್ಲಿ, ಭಾನುವಾರ ಅವರ ಬಾಡಿಗೆ ಮನೆಗಳ ಹೊಸಿಲಲ್ಲಿ ಕೂತು, 180 ಜನರನ್ನು ಮಾತಾಡಿಸಿದ್ದಳು. ಇಂಗ್ಲಿಷಿನ ಪ್ರಶ್ನಾವಳಿಯೊಂದನ್ನು ಕನ್ನಡಕ್ಕೆ ತಂದು, ಅರ್ಧ ಜನರಿಗೆ ತಾನು, ಉಳಿದರ್ಧಕ್ಕೆ ಅವಳ ಗೆಳತಿ, ಪ್ರಶ್ನೆ ಓದಿ ಹೇಳಿ ಉತ್ತರ ಗುರುತು ಮಾಡಿಕೊಂಡಿದ್ದರು. ಅಷ್ಟು ಶ್ರಮದ ಕೊನೆಗೆ, ಪ್ರಶ್ನೆಗಳ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ಹೇಳುವ ಆಲ್ಫಾ 0.64. ಈ ಪ್ರಶ್ನೆ ಬಿಟ್ಟರೆ ಆಲ್ಫಾ ಎಷ್ಟಾಗುತ್ತದೆ ಎಂದು ಎಸ್‌ಪಿಎಸ್‌ಎಸ್ ತಂತ್ರಾಂಶ ಒಂದು ಪಟ್ಟಿ ಕೊಡುತ್ತದಲ್ಲ, ಅದು ಎರಡು ಪ್ರಶ್ನೆಗಳ ಕಡೆ ಬೊಟ್ಟು ಮಾಡುತ್ತಿತ್ತು. "ಆ ಪ್ರಶ್ನೆಗಳನ್ನು ಓದು" ಅಂದೆ. ಅವಳು ನಂಬರ್ ಹೇಳಿದಳು. "ನಂಬರಲ್ಲ, ಪ್ರಶ್ನೆ ಓದು" ಅಂದೆ. ಮೊದಲನೆಯದು ಹೀಗಿತ್ತು: "ನಾಳೆ ಕೆಲಸ ಇರುತ್ತದೋ ಇಲ್ಲವೋ ಎಂಬ ಆತಂಕ ನನಗಿಲ್ಲ."

ಈ ವಾಕ್ಯವನ್ನು ಓದಿ ಹೇಳಿದರೆ ಎದುರಿಗಿರುವ ಹೆಣ್ಣುಮಗಳು "ಇಲ್ಲ ಅಕ್ಕಾ" ಅನ್ನುತ್ತಾಳೆ. ಏನು ಇಲ್ಲ? ಆತಂಕ ಇಲ್ಲವೋ, ಈ ಮಾತಿಗೆ ಒಪ್ಪಿಗೆ ಇಲ್ಲವೋ? "ಊಟ ಆಗಿಲ್ವಾ?" ಎಂದು ಕೇಳಿದರೆ ನಾವು "ಹೂಂ, ಆಗಿಲ್ಲ" ಅಂತಲೂ ಹೇಳುತ್ತೇವೆ, "ಇಲ್ಲ, ಆಗಿಲ್ಲ" ಅಂತಲೂ ಹೇಳುತ್ತೇವೆ. ಎರಡೂ ಶುದ್ಧ ಕನ್ನಡ, ಎರಡರ ಅರ್ಥವೂ ಒಂದೇ. ಇಂಗ್ಲಿಷಿನ ಪ್ರಶ್ನಾವಳಿಗಳಲ್ಲಿ ಜನ ಕಣ್ಣುಮುಚ್ಚಿ ಎಲ್ಲದಕ್ಕೂ ಹೌದು ಎನ್ನದಿರಲಿ ಎಂದು ನಡುನಡುವೆ ತಿರುವು ಪ್ರಶ್ನೆ ಇಡುತ್ತಾರೆ. ಆ ಉಪಾಯ ನಿಷೇಧದ ವಾಕ್ಯವಾಗಿ ಕನ್ನಡಕ್ಕೆ ಬಂದಾಗ ಇಲ್ಲಿನ 'ಇಲ್ಲ'ದ ಸುಳಿಗೆ ಸಿಕ್ಕಿಕೊಳ್ಳುತ್ತದೆ. ನಾನು ಗೆಳತಿಗೆ ಫೋನ್ ಮಾಡಿಸಿದೆ. "ಅವರು ಬರೀ ಇಲ್ಲ ಅಂದಾಗ ನೀನು ಯಾವುದಕ್ಕೆ ಗುರುತು ಹಾಕಿದೆ?" ಗೆಳತಿ 'ಒಪ್ಪುವುದಿಲ್ಲ'ಕ್ಕೆ ಹಾಕಿದ್ದಳು. ಇವಳು 'ಪೂರ್ತಿ ಒಪ್ಪುತ್ತೇನೆ'ಗೆ ಹಾಕಿದ್ದಳು. 180 ಹಾಳೆಗಳನ್ನು ನೆಲದ ಮೇಲೆ ಎರಡು ಕಟ್ಟು ಮಾಡಿ ನೋಡಿದೆವು. ಆ ಒಂದು ಪ್ರಶ್ನೆಗೆ ಎರಡು ಕಟ್ಟುಗಳೂ ಒಂದಕ್ಕೊಂದು ಬೆನ್ನು ಹಾಕಿ ಕೂತಿದ್ದವು.

ಪ್ರಶ್ನೆಯನ್ನು ತೆಗೆದುಹಾಕಿದ್ದರೆ ಆಲ್ಫಾ ಏರುತ್ತಿತ್ತು, ಥೀಸಿಸ್ಸೂ ಪಾಸಾಗುತ್ತಿತ್ತು. ಆದರೆ ದುಡಿಯುವ ಹೆಣ್ಣುಮಗಳ ಒತ್ತಡದ ನಡುಮನೆಯಲ್ಲೇ ಕೂತಿರುವ ಸಂಗತಿ, ನಾಳೆಯ ಕೆಲಸದ ಭಯ, ಆ ಅಧ್ಯಯನದಿಂದ ಹೊರಗೆ ಬೀಳುತ್ತಿತ್ತು. ಯಂತ್ರ ಬೊಟ್ಟು ಮಾಡಿದ್ದು ಸರಿಯಾದ ಜಾಗಕ್ಕೇ. ಅಲ್ಲಿ ಏನೋ ಕೆಟ್ಟಿತ್ತು. ಕೆಟ್ಟಿದ್ದು ಕೇಳಿದ ರೀತಿ, ಬರೆದುಕೊಂಡ ರೀತಿ.

ಇಬ್ಬರು ಒಂದನ್ನೇ ಬೇರೆಬೇರೆಯಾಗಿ ಬರೆದುಕೊಳ್ಳುವ ಈ ತೊಂದರೆಗೆ ನಮ್ಮ ದೇಶದಲ್ಲೇ ಹಳೆಯ ಮದ್ದಿದೆ. ಪ್ರಶಾಂತಚಂದ್ರ ಮಹಾಲನೋಬಿಸ್ 1930ರ ದಶಕದ ಕೊನೆಗೆ ಬಂಗಾಳದಲ್ಲಿ ಸೆಣಬಿನ ಬೆಳೆಯ ವಿಸ್ತೀರ್ಣ ಅಳೆಯಲು ಹೊರಟಾಗ, ಮಾದರಿ ಚಿಕ್ಕದಾದರೆ ಬರುವ ತಪ್ಪಿಗಿಂತ ಹೊಲಕ್ಕೆ ಹೋದ ಮನುಷ್ಯ ಮಾಡುವ ತಪ್ಪು ಕಡಿಮೆಯದಲ್ಲ ಎಂದು ಕಂಡುಕೊಂಡರು. ಅದಕ್ಕೆ ಅವರು ಒಂದೇ ಪ್ರದೇಶದಲ್ಲಿ ಒಂದರೊಳಗೊಂದು ಹೆಣೆದುಕೊಂಡ ಎರಡು ಉಪಮಾದರಿಗಳನ್ನು ಎಳೆದು, ಒಂದೊಂದನ್ನು ಒಂದೊಂದು ತಂಡಕ್ಕೆ ಒಪ್ಪಿಸಿದರು. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಗೊತ್ತಿಲ್ಲ. ಎರಡು ತಂಡಗಳ ಅಂದಾಜು ಹತ್ತಿರ ಬಂದರೆ ನಂಬಬಹುದು, ದೂರ ಹೋದರೆ ಎಲ್ಲೋ ಎಡವಿದ್ದೇವೆ. ಗಾರ್ಮೆಂಟ್ಸ್ ಹುಡುಗಿಯ ಎರಡು ಕಟ್ಟುಗಳಿಂದ ನಾವು ಮಾಡಿದ್ದು, ಗೊತ್ತಿಲ್ಲದೆಯೇ, ಅದರ ಸಣ್ಣ ರೂಪ. ಪ್ರತಿ ಹಾಳೆಯ ಮೂಲೆಯಲ್ಲಿ ಯಾರು ತುಂಬಿದರು ಎಂದು ಆಕೆ ಬರೆದಿಟ್ಟಿದ್ದರಿಂದ ಅಷ್ಟಾದರೂ ಸಾಧ್ಯವಾಯಿತು. ನೀವೂ ಬರೆದಿಡಿ.

ಇನ್ನು ಆಲ್ಫಾದ ಕಥೆಗೆ ಬರೋಣ. ಲೀ ಕ್ರಾನ್‌ಬಾಕ್ ತಮ್ಮ ಪ್ರಬಂಧ ಪ್ರಕಟಿಸಿದ್ದು 1951ರಲ್ಲಿ. ಅದಕ್ಕೆ ಮೊದಲೇ 1937ರಲ್ಲಿ ಕುಡರ್ ಮತ್ತು ರಿಚರ್ಡ್‌ಸನ್, ಸರಿ–ತಪ್ಪು ಉತ್ತರಗಳ ಪರೀಕ್ಷೆಗೆ ಅಂಥದೇ ಸೂತ್ರ ಕೊಟ್ಟಿದ್ದರು. 1945ರಲ್ಲಿ ಲೂಯಿ ಗಟ್‌ಮನ್ ಕೊಟ್ಟ ಆರು ಅಳತೆಗಳಲ್ಲಿ ಒಂದು ಇದೇ ಆಗಿತ್ತು. ಸೂತ್ರಕ್ಕೆ ತಮ್ಮ ಹೆಸರು ಅಂಟಿದ್ದು ಕ್ರಾನ್‌ಬಾಕ್ ಅವರಿಗೇ ಮುಜುಗರ ತಂದಿತ್ತು. ಅವರು ತೀರಿಕೊಂಡದ್ದು 2001ರಲ್ಲಿ. ಕೊನೆಗಾಲದಲ್ಲಿ ಅವರು ಹೇಳಿ ಬರೆಸಿದ ವಿಚಾರಗಳು 2004ರಲ್ಲಿ ಅಚ್ಚಾದವು. ಆ ಲೇಖನವನ್ನು ಅಲ್ಲಿಂದೀಚೆಗೆ ನಾನು ಕಲಿಸಿದ ಪ್ರತಿ ತರಗತಿಯಲ್ಲೂ ಓದಿಸಿದ್ದೇನೆ. ಹೆಚ್ಚಿನ ಸಂದರ್ಭಗಳಿಗೆ ಆಲ್ಫಾ ತಕ್ಕ ಅಳತೆ ಎಂದು ತಮಗೆ ಈಗ ಅನ್ನಿಸುವುದಿಲ್ಲ, ಒಂದು ಸಾಧನದ ಬಗ್ಗೆ ಒಂದೇ ಸಂಗತಿ ಹೇಳಬೇಕೆಂದರೆ ಹೇಳಬೇಕಾದದ್ದು ಅಳತೆಯ ಮಾನಕ ದೋಷವನ್ನು ಎಂಬುದು ಅವರ ನಿಲುವು. ನಿಮ್ಮ ಥೀಸಿಸ್‌ಗಳಲ್ಲಿ ನಾನು ಅತಿ ಕಡಿಮೆ ಕಾಣುವ ಸಂಖ್ಯೆ ಅದೇ.

0.7 ಎಂಬ ಗೆರೆಯನ್ನು ಎಳೆದವರು ಜಮ್ ನನ್ನಲಿ ಎಂದು ನೀವೆಲ್ಲ ಬರೆಯುತ್ತೀರಿ. 1978ರ ಅವರ ಪುಸ್ತಕದ ಆ ಪುಟವನ್ನು ಪೂರ್ತಿ ಓದಿದವರು ವಿರಳ. ಸಂಶೋಧನೆಯ ಮೊದಲ ಹಂತದಲ್ಲಿ, ಇನ್ನೂ ತಡಕಾಡುತ್ತಿರುವಾಗ, 0.70 ಸಾಕು ಎಂದರು. ಮೂಲಭೂತ ಸಂಶೋಧನೆಗೆ 0.80 ಬೇಕು. ಒಬ್ಬ ವ್ಯಕ್ತಿಯ ಭವಿಷ್ಯವನ್ನು ಆ ಅಂಕದ ಮೇಲೆ ನಿರ್ಧರಿಸುವುದಾದರೆ 0.90 ಕೂಡ ಕನಿಷ್ಠ, 0.95 ಇದ್ದರೆ ಒಳ್ಳೆಯದು. ಅವರು ಮೆಟ್ಟಿಲು ಕಟ್ಟಿದರು, ನಾವು ಮೊದಲ ಮೆಟ್ಟಿಲನ್ನೇ ಜಗಲಿ ಮಾಡಿಕೊಂಡು ಕೂತಿದ್ದೇವೆ.

ಆ ಗೆರೆಯನ್ನು ದಾಟುವುದು ಎಷ್ಟು ಸುಲಭ ಎಂದೂ ಹೇಳಬೇಕು. ಪ್ರಶ್ನೆಗಳ ನಡುವಿನ ಸಹಸಂಬಂಧ ಸರಾಸರಿ 0.2 ಮಾತ್ರ, ಅಂದರೆ ಬಲು ದುರ್ಬಲ, ಎಂದಿಟ್ಟುಕೊಳ್ಳಿ. ಹತ್ತು ಪ್ರಶ್ನೆಗಳಿದ್ದರೆ ಆಲ್ಫಾ 0.71. ಅಷ್ಟೇ ದುರ್ಬಲವಾದ ನಲವತ್ತು ಪ್ರಶ್ನೆ ಪೇರಿಸಿದರೆ 0.91. "ನನ್ನ ಸ್ಕೇಲ್ ಒಂದೇ ಗುಣವನ್ನು ಅಳೆಯುತ್ತದೆ, ಆಲ್ಫಾ 0.91 ಬಂದಿದೆ" ಎಂದು ವೈವಾದಲ್ಲಿ ಹೇಳುವವರಿಗೆ ಈ ಲೆಕ್ಕ ಗೊತ್ತಿರಬೇಕು. ಉದ್ದ ಹೆಚ್ಚಿದಂತೆ ವಿಶ್ವಾಸಾರ್ಹತೆ ಏರುತ್ತದೆ ಎಂಬುದನ್ನು 1910ರಲ್ಲೇ ಚಾರ್ಲ್ಸ್ ಸ್ಪಿಯರ್‌ಮನ್ ಮತ್ತು ವಿಲಿಯಂ ಬ್ರೌನ್ ಬೇರೆಬೇರೆಯಾಗಿ ತೋರಿಸಿದ್ದರು.

ಎಂಜಿನಿಯರಿಂಗ್ ಓದುವ ಗೆಳೆಯರು ಇಲ್ಲಿ ನನ್ನನ್ನು ತಡೆದು ಕೇಳುತ್ತಾರೆ: ನಮ್ಮಲ್ಲಿ ಬಿಡಿಭಾಗ ಹೆಚ್ಚಿದಷ್ಟೂ ರಿಲಯಬಿಲಿಟಿ ಇಳಿಯುತ್ತದಲ್ಲ? ನಿಜ. ಸಾಲಾಗಿ ಜೋಡಿಸಿದ ನೂರು ಭಾಗಗಳಲ್ಲಿ ಪ್ರತಿಯೊಂದೂ ನೂರಕ್ಕೆ 99ರಷ್ಟು ಗಟ್ಟಿಯಾಗಿದ್ದರೂ, ಒಂದು ಕೆಟ್ಟರೆ ಎಲ್ಲ ನಿಲ್ಲುವುದಾದರೆ, ಇಡೀ ಯಂತ್ರ ನಡೆಯುವ ಸಾಧ್ಯತೆ ನೂರಕ್ಕೆ 37. ಅವರ ರಿಲಯಬಿಲಿಟಿ ಇಷ್ಟು ಕಾಲ ಕೆಡದೆ ನಡೆದೀತೇ ಎಂಬ ಪ್ರಶ್ನೆ; ನಮ್ಮದು ಮತ್ತೆ ಅಳೆದರೆ ಅದೇ ಬಂದೀತೇ ಎಂಬ ಪ್ರಶ್ನೆ. ಒಂದೇ ಪದದ ಕೆಳಗೆ ಎರಡು ಗಣಿತ. ಇಬ್ಬರಿಗೂ ಸಮಾನವಾದದ್ದು, ಸಂಖ್ಯೆಯನ್ನು ತಪ್ಪಾಗಿ ಓದುವ ಅಪಾಯ. ಒಂದು ಉಪಕರಣದ ಎರಡು ಕೆಡುವಿಕೆಗಳ ನಡುವಿನ ಸರಾಸರಿ ಅವಧಿ 50,000 ಗಂಟೆ ಎಂದು ಬರೆದಿದ್ದರೆ, ಅದು ಅಷ್ಟು ಗಂಟೆ ನಡೆಯುತ್ತದೆ ಎಂದು ಕೊಳ್ಳುವವರು ತಿಳಿಯುತ್ತಾರೆ. ಕೆಡುವ ದರ ಸದಾ ಒಂದೇ ಇದ್ದರೆ, 50,000 ಗಂಟೆಯ ಹೊತ್ತಿಗೆ ನೂರರಲ್ಲಿ ಸುಮಾರು 37 ಮಾತ್ರ ಉಳಿದಿರುತ್ತವೆ. ಆ ದರ ಒಂದೇ ಇರುವುದಿಲ್ಲ, ವಯಸ್ಸಾದಂತೆ ಬದಲಾಗುತ್ತದೆ ಎಂಬುದನ್ನು ಹಿಡಿಯಲು ಇಂದು ಎಲ್ಲರೂ ಬಳಸುವ ಹಂಚಿಕೆ ಸ್ವೀಡನ್ನಿನ ವಾಲೋಡಿ ವೈಬುಲ್ ಅವರದು. 1951ರ ಅವರ ಪ್ರಬಂಧದ ಉದಾಹರಣೆಗಳಲ್ಲಿ ಉಕ್ಕಿನ ಪಕ್ಕದಲ್ಲೇ ಭಾರತದ ಹತ್ತಿ ಎಳೆಯ ಬಲವೂ ಇದೆ.

ಎಂಜಿನಿಯರುಗಳಿಂದ ನಾವು ಕಲಿಯಬೇಕಾದದ್ದು ಇನ್ನೊಂದಿದೆ. ಪೀಣ್ಯದ ಯಾವುದಾದರೂ ವಾಹನ ಬಿಡಿಭಾಗಗಳ ಕಾರ್ಖಾನೆಯ ಕ್ವಾಲಿಟಿ ವಿಭಾಗಕ್ಕೆ ಒಮ್ಮೆ ಹೋಗಿಬನ್ನಿ. ಅಲ್ಲಿ ಹೊಸ ಗೇಜನ್ನು ಬಳಕೆಗೆ ಬಿಡುವ ಮೊದಲು 'ಗೇಜ್ ಆರ್ ಅಂಡ್ ಆರ್' ಮಾಡುತ್ತಾರೆ. ಹತ್ತು ಪೀಸ್, ಮೂವರು ಆಪರೇಟರ್, ಪ್ರತಿಯೊಬ್ಬರೂ ಪ್ರತಿ ಪೀಸನ್ನು ಮೂರು ಸಲ ಅಳೆಯಬೇಕು. ಯಾವ ಪೀಸ್ ಎಂಬುದು ಅಳೆಯುವವರಿಗೆ ಗೊತ್ತಾಗಬಾರದು, ಹಿಂದಿನ ಓದು ಕಾಣಬಾರದು. 90 ಅಳತೆಗಳಾದ ಮೇಲೆ, ಒಟ್ಟು ಏರಿಳಿತದಲ್ಲಿ ಗೇಜು ಮತ್ತು ಕೈಗಳ ಪಾಲು ಎಷ್ಟು ಎಂದು ನೋಡುತ್ತಾರೆ. ಅದು ನೂರಕ್ಕೆ 10ಕ್ಕಿಂತ ಕಡಿಮೆಯಿದ್ದರೆ ಸರಿ, 30 ದಾಟಿದರೆ ಆ ವ್ಯವಸ್ಥೆಯೇ ಒಪ್ಪಿಗೆಯಿಲ್ಲ. ಡಿಪ್ಲೊಮಾ ಮುಗಿಸಿದ ಹುಡುಗ ಒಂದು ಬೋಲ್ಟಿನ ದಪ್ಪಕ್ಕೆ ಇಷ್ಟು ಮಾಡುತ್ತಾನೆ. ಮನುಷ್ಯರ ದುಃಖ, ಬುದ್ಧಿ, ಆತ್ಮವಿಶ್ವಾಸ ಅಳೆಯುವ ನಾವು ಒಬ್ಬರನ್ನು ಎರಡನೆಯ ಸಲ ಕೇಳುವುದಿಲ್ಲ. ಇದು ನನ್ನನ್ನು ವರ್ಷಗಳಿಂದ ನೋಯಿಸುತ್ತಿರುವ ಸಂಗತಿ.

ನಿಮ್ಮ ಅಧ್ಯಾಯಗಳಲ್ಲಿ ಪದೇ ಪದೇ ಕಾಣುವ ಇನ್ನೊಂದು ವಾಕ್ಯ: "ಈ ಮಾಪನಿಯ ವಿಶ್ವಾಸಾರ್ಹತೆ 0.90 ಎಂದು ಮೂಲ ಲೇಖಕರು ತಿಳಿಸಿದ್ದಾರೆ." ಅದು ಯಾರ ಮೇಲೆ ಬಂದ 0.90? ನಮ್ಮಜ್ಜಿ ರಾಗಿ ಅಳೆಯುತ್ತಿದ್ದ ಸೇರು ಇಂದಿಗೂ ನಮ್ಮ ಮನೆಯಲ್ಲಿದೆ. ಸೇರು ಅದೇ, ಆದರೆ ಅಜ್ಜಿ ರಾಶಿ ಏರುವಂತೆ ತುಂಬುತ್ತಿದ್ದರು, ಅಮ್ಮ ಮೇಲೆ ಕೈಯಾಡಿಸಿ ಸಮ ಮಾಡುತ್ತಿದ್ದರು. ವಿಶ್ವಾಸಾರ್ಹತೆ ಸೇರಿನ ತಳದಲ್ಲಿ ಕೆತ್ತಿದ ಮುದ್ರೆ ಆಗಿದ್ದರೆ ಇಬ್ಬರ ಅಳತೆಯೂ ಒಂದೇ ಆಗಬೇಕಿತ್ತು.

ಕೈಯಷ್ಟೇ ಅಲ್ಲ, ಗುಂಪು ಬದಲಾದರೂ ಅಂಕಿ ಬದಲಾಗುತ್ತದೆ. ಎಲ್ಲ ಬಗೆಯ ಮಕ್ಕಳಿರುವ ಗುಂಪಿನಲ್ಲಿ ಒಂದು ಪರೀಕ್ಷೆಯ ಮಾನಕ ವಿಚಲನೆ 15, ವಿಶ್ವಾಸಾರ್ಹತೆ 0.90 ಇತ್ತೆನ್ನಿ. ಅದೇ ಪರೀಕ್ಷೆಯನ್ನು ಪ್ರವೇಶಪರೀಕ್ಷೆಯ ಜರಡಿಯಲ್ಲಿ ಉಳಿದು ಬಂದ, ಹೆಚ್ಚುಕಡಿಮೆ ಒಂದೇ ಮಟ್ಟದ ವಿದ್ಯಾರ್ಥಿಗಳಿಗೆ ಕೊಟ್ಟಿರಿ. ವಿಚಲನೆ ಅರ್ಧಕ್ಕೆ, 7.5ಕ್ಕೆ ಇಳಿಯಿತು. ಅಳತೆಯ ದೋಷ ಒಂದಿಷ್ಟೂ ಹೆಚ್ಚಿಲ್ಲ, ಆದರೂ ವಿಶ್ವಾಸಾರ್ಹತೆ 0.60. ಜನರ ನಡುವೆ ವ್ಯತ್ಯಾಸವೇ ಕಡಿಮೆಯಾದಾಗ ದೋಷದ ಪಾಲು ದೊಡ್ಡದಾಗಿ ಕಾಣುತ್ತದೆ. ಬೇರೆ ದೇಶದ, ಬೇರೆ ಕಾಲದ ಗುಂಪಿನ ಅಂಕಿಯನ್ನು ಎರವಲು ತಂದರೆ ಅದು ನಿಮ್ಮ ಗುಂಪಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ವಿ. ವಿ. ಕಾಮತರು 1930ರ ದಶಕದಲ್ಲಿ ಬಿನೆ ಬುದ್ಧಿಮತ್ತೆ ಪರೀಕ್ಷೆಯನ್ನು ಇಲ್ಲಿಗೆ ತಂದಾಗ ಅನುವಾದಕ್ಕೆ ನಿಲ್ಲಲಿಲ್ಲ. ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳ ಮೇಲೆ ಪ್ರಯೋಗಿಸಿ ಪರಿಷ್ಕರಿಸಿದರು. ಕಂಪ್ಯೂಟರ್ ಇರಲಿ, ಕ್ಯಾಲ್ಕುಲೇಟರ್ ಕೂಡ ಕೈಗೆ ಸಿಗದ ಕಾಲ ಅದು.

ಈ ಲೆಕ್ಕ ಯಾಕೆ ಮುಖ್ಯ ಎಂದು ನನಗೆ ನಿಜವಾಗಿ ಮನದಟ್ಟು ಮಾಡಿಸಿದವರು ನಮ್ಮ ಬೀದಿಯ ಒಬ್ಬ ತಾಯಿ. ಅವರ ಮಗನಿಗೆ ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಒಂದು ವರ್ಷ 68 ಬಂದಿತ್ತು, ಮುಂದಿನ ಸಲ 74. ಬೌದ್ಧಿಕ ಅಸಾಮರ್ಥ್ಯದ ಗೆರೆಯನ್ನು ಸಾಮಾನ್ಯವಾಗಿ 70ರ ಆಸುಪಾಸಿನಲ್ಲಿ ಎಳೆಯುತ್ತಾರೆ. ಆಕೆ ಎರಡೂ ಕಾಗದಗಳನ್ನು ನನ್ನ ಮುಂದಿಟ್ಟು ಕೇಳಿದರು: "ಅಮ್ಮಾ, ನನ್ನ ಮಗ ಸರಿಹೋಗ್ತಾ ಇದ್ದಾನಾ?" ಆ ದನಿಯಲ್ಲಿ ಆಸೆಯೂ ಇತ್ತು, ಸಿಗುತ್ತಿರುವ ನೆರವು ನಿಂತುಹೋದೀತೆಂಬ ಹೆದರಿಕೆಯೂ ಇತ್ತು. ನಾನು ಲೆಕ್ಕ ಹಾಕಿದೆ. ಮಾನಕ ವಿಚಲನೆ 15, ವಿಶ್ವಾಸಾರ್ಹತೆ 0.90 ಎಂದೇ ಇಟ್ಟುಕೊಂಡರೂ ಅಳತೆಯ ಮಾನಕ ದೋಷ 4.7. ಅಂದರೆ 68 ಎಂಬ ಅಂಕದ ಆಚೀಚೆ ಅದರ ಸುಮಾರು ಎರಡು ಪಟ್ಟು, ಒಂಬತ್ತು ಅಂಕಗಳಷ್ಟು ಮಸುಕು ಇದೆ: 59ರಿಂದ 77. ಎರಡು ಸಲದ ಅಂಕಗಳ ಅಂತರಕ್ಕೆ ಮಾನಕ ದೋಷ 6.7. ಆರು ಅಂಕದ ಅಂತರ ಅದಕ್ಕಿಂತಲೂ ಚಿಕ್ಕದು. ಹುಡುಗ ಬದಲಾಗಿದ್ದಾನೆ ಎನ್ನಲು ಆ ಕಾಗದಗಳಲ್ಲಿ ಆಧಾರವಿರಲಿಲ್ಲ. ಇದನ್ನು ಆ ತಾಯಿಗೆ ಅರ್ಥವಾಗುವಂತೆ ಹೇಳಲು ನನಗೆ ಒಂದು ಸಂಜೆ ಪೂರ್ತಿ ಬೇಕಾಯಿತು. 68 ಎಂಬ ಒಂಟಿ ಸಂಖ್ಯೆಯ ಪಕ್ಕದಲ್ಲಿ '59ರಿಂದ 77' ಎಂದು ಬರೆದಿದ್ದರೆ ಆಕೆ ಅಷ್ಟು ದಿನ ನಿದ್ದೆ ಕೆಡಿಸಿಕೊಳ್ಳುತ್ತಿರಲಿಲ್ಲ. ನಿಮ್ಮಲ್ಲಿ ಎಷ್ಟೋ ಮಂದಿ ನಾಳೆ ಅಂಥ ಕಾಗದಗಳಿಗೆ ಸಹಿ ಹಾಕುವವರು.

ಸಹಸಂಬಂಧ ಹೆಚ್ಚಿದೆ, ಆದ್ದರಿಂದ ಎರಡು ಸಾಧನಗಳೂ ಒಂದೇ ಎನ್ನುವ ತಪ್ಪಿನ ಬಗ್ಗೆ ವೈದ್ಯಕೀಯ ಮತ್ತು ನರ್ಸಿಂಗ್ ಸಂಶೋಧಕರಿಗೆ ಒಂದು ಮಾತು. ಮಾರ್ಟಿನ್ ಬ್ಲ್ಯಾಂಡ್ ಮತ್ತು ಡಗ್ಲಸ್ ಆಲ್ಟ್‌ಮನ್ 1986ರಲ್ಲಿ 'ಲ್ಯಾನ್ಸೆಟ್'ನಲ್ಲಿ 17 ಜನರ ಉಸಿರಿನ ವೇಗವನ್ನು ಎರಡು ಬಗೆಯ ಮೀಟರುಗಳಲ್ಲಿ ಅಳೆದ ಉದಾಹರಣೆ ಕೊಟ್ಟರು. ಸಹಸಂಬಂಧ 0.94. ಆದರೆ ಒಬ್ಬನೇ ವ್ಯಕ್ತಿಗೆ ಎರಡು ಮೀಟರುಗಳು ತೋರಿಸುವ ಅಂತರ ನಿಮಿಷಕ್ಕೆ ಸುಮಾರು 80 ಲೀಟರಿನವರೆಗೂ ಹೋಗಬಹುದಾಗಿತ್ತು. ಅಂತರಗಳ ಚಿತ್ರ ಬರೆದು ನೋಡಿ ಎಂದು ಅವರು ಹೇಳಿಕೊಟ್ಟ ವಿಧಾನಕ್ಕೆ ಒಂದು ಗ್ರಾಫ್ ಹಾಳೆ ಸಾಕು.

ಮೈಸೂರಿನವರಿಗೆ ಅಳತೆಯ ಈ ವಿದ್ಯೆ ಹೊರಗಿನದಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಓದಿದ್ದು ಸ್ಪಿಯರ್‌ಮನ್ ಅವರ ಬಳಿಯೇ. ಆ ಸ್ಪಿಯರ್‌ಮನ್ 1904ರಲ್ಲೇ ತೋರಿಸಿದ ಒಂದು ಸಂಗತಿ ನಿಮಗೆಲ್ಲ ನೇರವಾಗಿ ತಟ್ಟುವಂಥದ್ದು: ಮಸುಕಾದ ಅಳತೆ ನಿಜವಾದ ಸಂಬಂಧವನ್ನು ಕುಗ್ಗಿಸುತ್ತದೆ. ಎರಡು ಗುಣಗಳ ನಡುವೆ ನಿಜವಾಗಿ 0.5ರಷ್ಟು ಸಂಬಂಧವಿದ್ದು, ನಿಮ್ಮ ಎರಡು ಮಾಪನಿಗಳ ವಿಶ್ವಾಸಾರ್ಹತೆ 0.7 ಮತ್ತು 0.6 ಆಗಿದ್ದರೆ ನಿಮಗೆ ಕಾಣುವುದು 0.32 ಮಾತ್ರ. ಮಾದರಿ ಚಿಕ್ಕದಿದ್ದರೆ ಅದು ಇದೆಯೋ ಇಲ್ಲವೋ ಎಂಬಷ್ಟು ಕ್ಷೀಣ. ಆಗ ನೀವು "ಸಂಬಂಧ ಕಂಡುಬಂದಿಲ್ಲ" ಎಂದು ಬರೆದು ಮುಂದಿನ ಅಧ್ಯಾಯಕ್ಕೆ ಹೋಗುತ್ತೀರಿ. ಇದ್ದದ್ದೂ ಇಲ್ಲದ್ದಾಗುತ್ತದೆ. ಸಿಕ್ಕಿತು ಎಂದು ಸಾರಿದವೂ ಎಷ್ಟೋ ಸಲ ಮತ್ತೆ ಸಿಗುವುದಿಲ್ಲ. 2015ರಲ್ಲಿ ಮನಶ್ಶಾಸ್ತ್ರದ 100 ಅಧ್ಯಯನಗಳನ್ನು ಹೊಸದಾಗಿ ಮಾಡಿ ನೋಡಿದರು. ಮೂಲದಲ್ಲಿ ನೂರಕ್ಕೆ 97 ಸಾರ್ಥಕ ಎನಿಸಿಕೊಂಡಿದ್ದವು. ಮರುಪ್ರಯತ್ನದಲ್ಲಿ ಹಾಗೆ ನಿಂತವು ನೂರಕ್ಕೆ 36. ಇದಕ್ಕೆ ಕಾರಣ ಹಲವು, ಮಸುಕಾದ ಅಳತೆಗಳೂ ಅವುಗಳಲ್ಲಿ ಸೇರಿವೆ.

ನೀವು ಕೇಳುವಿರಿ, ಸಮಯವೆಲ್ಲಿ ಮೇಡಂ, ಫೆಲೋಶಿಪ್ ಮುಗಿಯುತ್ತಾ ಬಂತು, ಗೈಡ್ ಅವಸರ ಮಾಡುತ್ತಾರೆ. ಗೊತ್ತು. ನಾನು ಕೇಳುವುದು ದೊಡ್ಡದಲ್ಲ. ಪೈಲಟ್ ಸ್ಟಡಿಯ ಹೊತ್ತಿಗೇ ನನ್ನಂಥವರ ಬಳಿ ಬನ್ನಿ, ಕೊನೆಗಲ್ಲ. ಪ್ರಶ್ನಾವಳಿಯನ್ನು ನಿಮ್ಮ ಜಿಲ್ಲೆಯ, ನಿಮ್ಮ ಗುಂಪಿನ ಹತ್ತು ಜನರಿಗೆ ಓದಿ ಹೇಳಿ, "ಇದನ್ನು ಕೇಳಿದಾಗ ನಿಮಗೆ ಏನು ಅರ್ಥವಾಯಿತು?" ಎಂದು ಅವರ ಮಾತಿನಲ್ಲೇ ಕೇಳಿಸಿಕೊಳ್ಳಿ. ಬೀದರಿನಲ್ಲಿ ಸಹಜವಾದ ಮಾತು ಪುತ್ತೂರಿನಲ್ಲಿ ತೊಡಕಾಗಬಹುದು. ಮೂವತ್ತು ನಲವತ್ತು ಮಂದಿಯನ್ನು ಎರಡು ವಾರ ಬಿಟ್ಟು ಮತ್ತೆ ಕೇಳಿ. ಅಂಕದ ಜೊತೆ ಅದರ ಮಸುಕನ್ನೂ ಬರೆಯಿರಿ. 0.64 ಬಂದರೆ 0.64 ಎಂದೇ ಬರೆಯಿರಿ, ಯಾಕೆ ಬಂತು ಎಂದು ಹುಡುಕಿದ್ದನ್ನೂ ಬರೆಯಿರಿ. ಅಂಥ ಪುಟಕ್ಕಾಗಿ ಯಾವ ಪರೀಕ್ಷಕರಾದರೂ ನಿಮ್ಮನ್ನು ತಡೆದರೆ, ಈ ಪತ್ರವನ್ನು ಅವರಿಗೂ ತೋರಿಸಿ.

ಗಾರ್ಮೆಂಟ್ಸ್ ಮೇಲೆ ಕೆಲಸ ಮಾಡಿದ ಆ ಹುಡುಗಿ ಥೀಸಿಸ್ ಒಪ್ಪಿಸುವುದನ್ನು ನಾಲ್ಕು ತಿಂಗಳು ಮುಂದೆ ಹಾಕಿದಳು. ಪ್ರಶ್ನೆಯನ್ನು "ನಾಳೆ ಕೆಲಸ ಹೋದೀತು ಅಂತ ಭಯ ಆಗುತ್ತದೆ" ಎಂದು ತಿದ್ದಿಕೊಂಡು, 40 ಹೆಣ್ಣುಮಕ್ಕಳನ್ನು ಹೊಸದಾಗಿ ಮಾತಾಡಿಸಿದಳು. ಎರಡು ವಾರದ ನಂತರ ಅವರನ್ನೇ ಹುಡುಕಿಕೊಂಡು ಹೋದಳು. 34 ಮಂದಿ ಸಿಕ್ಕರು, ಉತ್ತರಗಳು ಬಹುಮಟ್ಟಿಗೆ ತಾಳೆಯಾದವು. ಸಿಗದ ಆರು ಮಂದಿಯಲ್ಲಿ ನಾಲ್ವರು ಕೆಲಸ ಹೋಗಿ ಊರಿಗೆ ಮರಳಿದ್ದರು. ಮೊದಲ ಸಲ ಕೇಳಿದಾಗ ಆ ನಾಲ್ವರೂ 'ಪೂರ್ತಿ ಒಪ್ಪುತ್ತೇನೆ' ಅಂದಿದ್ದರು. ಅದನ್ನೂ ಅವಳು ವಿಶ್ವಾಸಾರ್ಹತೆಯ ಅಧ್ಯಾಯದಲ್ಲೇ ಬರೆದಿದ್ದಾಳೆ.

ಇಂತಿ,
ಸಂಖ್ಯಾಶಾಸ್ತ್ರದ ಒಬ್ಬ ನಿವೃತ್ತ ಅಧ್ಯಾಪಕಿ